ಅರ್ಧ ವಾಕ್ಯದವಳು

ಮುನ್ನೂರು ಪುಟದಲ್ಲಿ ಅವಳಿಗೆ ನಾನು
ಕೊಟ್ಟದ್ದು ಅರ್ಧ ವಾಕ್ಯ:
‘ಹಡಗುಕಟ್ಟೆಯಲ್ಲಿ ಯಾರೋ ಚೀಟಿ ಹರಿದು ಕೊಡಲಾಗಿ—’
ಹೆಣ್ಣೆಂದೂ ಹೇಳಿರಲಿಲ್ಲ.

ಈಗ ಹಕೊದಾತೆಯ ಹಿಮಗಾಳಿಯಲ್ಲಿ
ಹನ್ನೊಂದು ಮುಖ್ಯ ಪಾತ್ರ, ಒಂದೇ ಸೀಮೆಎಣ್ಣೆ ಒಲೆ.
ಎಲ್ಲರಿಗೂ ಪಾಲು, ಬೆಂಕಿಯಲ್ಲೂ ಕತೆಯಲ್ಲೂ.

ನೀಲಿ ಟೋಪಿಯ ಚಿಗುಸಾ ಬಂದು, ಬಾಗಿ:
‘ಸೆನ್ಸೇ, ಇವಳು ಬೆಳಿಗ್ಗೆ ಏನು ತಿಂದಿರುತ್ತಾಳೆ?’

ನನಗೇನು ಗೊತ್ತು!
ನಾಯಕನ ಅಜ್ಜಿಯ ಹಲ್ಲುನೋವನ್ನೂ ಬಿಡದೆ ಬರೆದವಳು
ತಡವರಿಸಿದೆ.

‘ನಿನ್ನೆಯ ಅನ್ನ’ ಎಂದಳು ತಾನೇ,
‘ಮೇಲೆ ಬಿಸಿ ಚಹಾ ಸುರಿದು.
ನಿಂತೇ ತಿಂದಿದ್ದಾಳೆ,
ಮೊದಲ ಹಡಗಿಗೆ ಹೊತ್ತಾಗಿತ್ತು.’

ಕ್ಯಾಮೆರಾ ಓಡಿತು.
ಚೀಟಿ ಹರಿಯುವ ಬೆರಳಿಗೆ
ಒಂದು ಅಗುಳು ಅಂಟಿತ್ತು.
ನಿರ್ದೇಶಕ ಹಿರಾನುಮಾ ನೋಡಲಿಲ್ಲ.

ನನಗೆ ಯಾಕೋ
ಹಸಿವಾಯಿತು.