ಎರಡು ಸೊನ್ನೆ

ಮಹದೇವಪೇಟೆಯ ಇಳಿಜಾರಿನಲ್ಲಿ, ಕೊಡೆ ರಿಪೇರಿಯವನ ಪಕ್ಕ,
ಆರಡಿ ಅಗಲದ ಅಂಗಡಿ ನಮ್ಮದು.
ಪಪ್ಪ ಮೊಹರು ಕೆತ್ತುತ್ತಿದ್ದ.
ಲಾದ್ರು ಎಂದು ಹೆಸರು. ಎಡಗಣ್ಣಿಗೆ ಮಸೂರ,
ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಪುಡಿ.
"ಮೊದಲು ಎಲ್ಲವೂ ಉಲ್ಟಾವೇ," ಎನ್ನುತ್ತಿದ್ದ,
"ಒತ್ತಿದ ಮೇಲಷ್ಟೇ ನೆಟ್ಟಗಾಗುತ್ತದೆ."

ಆಗ ನಮ್ಮದೊಂದು ರಾಜ್ಯ.
ನಗಬೇಡಿ.
ಮಡಿಕೇರಿಯಲ್ಲಿ ಬಸ್ಸು ಹತ್ತಿ ಒಂದು ಜೊಂಪು ತೆಗೆದರೆ
ಫ್ರೇಸರ್‌ಪೇಟೆಯ ಸೇತುವೆ; ಅದರಾಚೆ ಪರರಾಜ್ಯ.
ಇಪ್ಪತ್ನಾಲ್ಕು ಮಂದಿ ಶಾಸಕರು, ಅವರಲ್ಲಿ ಅರ್ಧದಷ್ಟು ಜನರ
ಪಾದದ ಅಳತೆ ನಮ್ಮ ಬೀದಿಯ ಚಪ್ಪಲಿ ಅಂಗಡಿಗೆ ಬಾಯಿಪಾಠ.
ಒಬ್ಬ ದೊಡ್ಡ ಸಾಹೇಬರು ಮೊಯ್ದುವಿನೊಡನೆ ಮತ್ತಿ ಮೀನಿಗೆ ಚೌಕಾಸಿ ಮಾಡಿ,
ಸೋತು,
ಬಾಲ ಇಣುಕುವ ಪೊಟ್ಟಣ ಹಿಡಿದು ಕೋಟೆಯ ಏರು ಹತ್ತಿದ್ದನ್ನು
ನಾನೇ ಕಂಡಿದ್ದೇನೆ.
ಅಂದಿನ ಕಡತಗಳಿಗೆಲ್ಲ ಅದೇ ವಾಸನೆ ಎಂದ ಜವಾನ ದೇರಣ್ಣ.

ಮನೆಯೊಳಗೆ ಕೊಂಕಣಿ. ದೇರಣ್ಣನೊಡನೆ ಅರೆಭಾಷೆ,
ಮೊಯ್ದುವಿನ ಹತ್ತಿರ ಮಲಯಾಳ, ಬೊಳ್ಳಮ್ಮ ಟೀಚರಿಗೆ ಕೊಡವ ತಕ್ಕ್,
ಅರ್ಜಿಗೆ ಕನ್ನಡ, ಅರ್ಜಿಯ ಮೇಲಿನ ಸಹಿಗೆ ಇಂಗ್ಲಿಷು.
ನವೆಂಬರಿನ ಮಂಜಿಗೆ ಕೆಮ್ಮುವಾಗ ಮಾತ್ರ
ಊರಿಗೆಲ್ಲ ಒಂದೇ ಭಾಷೆ.
"ನೀವು ಕೆಳಗಿನಿಂದ ಬಂದವರಲ್ಲವೇ, ಘಟ್ಟದ ಕೆಳಗಿನಿಂದ?"
ಯಾರಾದರೂ ಕೇಳಿದರೆ ಪಪ್ಪ ಮಸೂರ ತೆಗೆಯದೆ
ಉಗುರು ತೋರಿಸುತ್ತಿದ್ದ:
ನಿಮ್ಮ ರಾಜ್ಯ ಇಲ್ಲಿದೆ, ಇದರ ಕೆಳಗೆ, ತೊಳೆದರೂ ಹೋಗದು.

ಐವತ್ತಾರರ ಅಕ್ಟೋಬರ್ ಕೊನೆಗೆ
ದೇರಣ್ಣ ಬಂದ, ಬೆನ್ನ ಮೇಲೆ ಗೋಣಿಚೀಲ.
ಹಳೆಯ ಮೊಹರುಗಳನ್ನೆಲ್ಲ ಅರದಿಂದ ಉಜ್ಜಿ ಅಳಿಸಬೇಕಂತೆ,
ನಲವತ್ತೊಂದು.
ಇಡೀ ದಿನ ಕರ್ ಕರ್ ಕರ್.
ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಹೇಳಿದ,
ಇನ್ನು ಎಲ್ಲರೂ ಒಂದೇ ಮನೆಯವರು, ಒಳ್ಳೆಯದಾಯಿತು ಬಿಡಿ.
ಒಬ್ಬ ಕೇಳಿದ, ಅಡಿಗೆಮನೆ ಯಾರ ಕಡೆಗೆ?
ಒಬ್ಬ ಏನೂ ಹೇಳದೆ
ಕಿತ್ತಳೆಯ ಸಿಪ್ಪೆಯನ್ನು ಹರಿಯದಂತೆ, ಒಂದೇ ಸುರುಳಿಯಾಗಿ, ಬಿಡಿಸಿ
ಮೇಜಿನ ಮೇಲಿಟ್ಟು ಹೋದ.

ಸಂಜೆ ದೇರಣ್ಣ ಎಣಿಸಿದ. ನಲವತ್ತು.
ಮತ್ತೆ ಎಣಿಸಿದ. ಪಪ್ಪನ ಮುಖ ನೋಡಿದ.
ರಶೀದಿಯಲ್ಲಿ ನಲವತ್ತೊಂದು ಎಂದು ಬರೆದು
ಬೀಡಿ ಹಚ್ಚಿದ.

ಆ ವರ್ಷದ ಕ್ರಿಸ್‌ಮಸ್ಸಿಗೆ ಮಾಂಯ್
ಹಿಟ್ಟು ಲಟ್ಟಿಸಿ, ಅಚ್ಚಿಲ್ಲವಲ್ಲ ಎಂದು ಹುಡುಕಿ,
ಪಪ್ಪನ ಪೆಟ್ಟಿಗೆಯಿಂದ ಅದನ್ನು ತೆಗೆದು ಒತ್ತಿಯೇ ಒತ್ತಿದಳು.
ಅರಗಿನ ಮೇಲೆ ಬೀಳಬೇಕಿದ್ದ ಐದು ಇಂಗ್ಲಿಷ್ ಅಕ್ಷರ
ಬಿಸ್ಕತ್ತಿನ ಮೇಲೆ ಉಬ್ಬಿ ನಿಂತವು.
ತಮ್ಮ ಮೊದಲು ನಡುವಿನ ಸೊನ್ನೆಗಳನ್ನು ಕಚ್ಚಿದ.
ತಟ್ಟೆ ಮುಚ್ಚಿ ಬೀದಿಗೆಲ್ಲ ಹಂಚಿದೆವು.
ಬೊಳ್ಳಮ್ಮ ಟೀಚರು ಕನ್ನಡಕದಲ್ಲಿ ಓದಿ,
ಸುಮ್ಮನೆ ತಿಂದು,
"ಪರವಾಗಿಲ್ಲ ಕಾರ್ಮಿಣ್, ಸಕ್ಕರೆ ಸ್ವಲ್ಪ ಕಮ್ಮಿ" ಎಂದು
ಇನ್ನೆರಡು ಸೆರಗಿಗೆ ಕಟ್ಟಿಕೊಂಡರು.

ಆಮೇಲೆ ಮೈಸೂರು ಬಂತು, ಹದಿನೇಳು ವರ್ಷಕ್ಕೆ ಕರ್ನಾಟಕ.
ಪಪ್ಪನಿಗೆ ಕೂಲಿ ಅಕ್ಷರಕ್ಕಿಷ್ಟು ಎಂದು;
ಉದ್ದದ ಹೆಸರು ನಷ್ಟವಲ್ಲ.
ಸತ್ತಾಗಲೂ ಉಗುರು ಹಳದಿ.

ಈಗ ನಾನು ಜೆರಾಕ್ಸ್ ಯಂತ್ರದ ಪಕ್ಕ ಕೂರುತ್ತೇನೆ.
ಮಕ್ಕಳು ಅರ್ಜಿ ತರುತ್ತಾರೆ: ಅಜ್ಜಿ, ಸ್ವಂತ ಊರು ಅಂದರೆ
ಹುಟ್ಟಿದ್ದಾ, ಇರೋದಾ?
ಜಾಗ ಎಷ್ಟು ಬಿಟ್ಟಿದ್ದಾರೆ ನೋಡು, ಎನ್ನುತ್ತೇನೆ,
ಅಷ್ಟರಲ್ಲಿ ಹಿಡಿಸುವುದನ್ನು ಬರಿ.

ಹೋದ ಡಿಸೆಂಬರಿನಲ್ಲಿ ಮತ್ತೆ ಒತ್ತಿದೆ.
ಅರವತ್ತು ವರ್ಷದ ಹಿಟ್ಟು ಗಟ್ಟಿಯಾಗಿ ಗೆರೆಗಳೊಳಗೆ ಕೂತಿದೆ.
ಮೊದಲಕ್ಷರವಿಲ್ಲ, ಕೊನೆಯ ಎರಡೂ ಇಲ್ಲ.
ನಡುವಿನ ಸೊನ್ನೆಗಳು ಮಾತ್ರ,
ಎಡದಿಂದಲೂ ಬಲದಿಂದಲೂ ಅವೇ ಎರಡು,
ಪಪ್ಪ ತಿರುಗಿಸಿ ಕೆತ್ತಬೇಕಾಗಿರದಿದ್ದವು.
ಒಲೆಯಲ್ಲಿ ಹೆಚ್ಚು ಹೊತ್ತು ಬಿಟ್ಟೆ; ಅಂಚು ಕರಿದಾಯಿತು.
ಮೊಯ್ದುವಿನ ಮೊಮ್ಮಗಳು ಒಂದನ್ನು ಬೆಳಕಿಗೆ ಹಿಡಿದು,
"ಕಣ್ಣು ಬಿಟ್ಟಿದೆ" ಎಂದಳು.