ಬಾಣಂತಿ ಗುಂಡು

ಹತ್ತು ಅಂದರ ನಮ್ಮ ಕಡೆ ಭಾಳ ಅರ್ಥ ಅದಾವು.
ಬಸ್ಸು ಹತ್ತತೀವಿ, ಗುಡ್ಡ ಹತ್ತತೀವಿ,
ಬ್ಯಾನಿ ಹತ್ತತಾವು, ನಿದ್ದಿ ಹತ್ತತೈತಿ,
ಸೆರಗಿಗೆ ಕಾಡಿಗಿ ಹತ್ತಿದರ ತೊಳದರೂ ಹೋಗೂದಿಲ್ಲ.
ಯೊನಾಸಗ ಇದನ್ನೆಲ್ಲ ಹೆಂಗ ಹೇಳಲಿ?
ಅಂವ ಕಲತದ್ದು ನಾಕೇ ಮಾತು:
ನೀರು, ಚಾ, ಎಷ್ಟು, ಮತ್ತ
ಹತ್ತಬಹುದಾ?

ಸಾಣಾಪುರದ ಕೆರಿ ದಂಡಿಗೆ ನನ್ನ ಅಂಗಡಿ.
ದಿನಕ್ಕ ಮುನ್ನೂರು, ಗಾದಿ ಬಾಡಿಗಿ ಕೊಡತೀನಿ,
ಗುಂಡು ಹತ್ತಿ ಬೀಳವರ ಬೆನ್ನಿಗೆ.
ಆಮಿ ಹಂಗ ಅದನ್ನ ಹೊತಗೊಂಡು
ಭತ್ತದ ಬದುವಿನ ಗುಂಟ ಹೋಗತಾರ,
ಸೊಂಟದಾಗ ಬಿಳಿ ಪುಡಿ ಚೀಲ.

ನಮ್ಮ ಗುಂಡಿಗೆ ಹೆಸರೈತಿ: ಬಾಣಂತಿ.
ಕಾಲು ಚಾಚಿ ಕುಂತ ಹಂಗ, ತೊಡಿ ಸಂದಿಯಾಗ
ಸಣ್ಣದೊಂದು ಕಲ್ಲು, ಕೂಸು.
ಹೊಟ್ಟಿ ನಿಲ್ಲದವರು ಬಂದು ಪಾದ ಮುಟ್ಟತಾರ,
ಅರಿಷಿಣ ಹಚ್ಚತಾರ, ಮೊಣಕಾಲಿನ ಮಟ ಅಷ್ಟ.
ಹಡದಾಕಿ ಮೈ ಹಸಿ ಇರತೈತಿ,
ಹಸಿ ಮೈ ತುಳೀಬಾರದು.
ಇಷ್ಟ ನಮ್ಮ ಶಾಸ್ತ್ರ. ಪುಸ್ತಕ ಇಲ್ಲ, ಪೂಜಾರಿ ಇಲ್ಲ,
ಸೂಲಗಿತ್ತಿ ನಮ್ಮಜ್ಜಿ ದುರಗವ್ವ ಹೇಳಿದ್ದು.

ಈಗ ಅವರ ಫೋನಿನಾಗ ಆಕಿಗೆ ಬ್ಯಾರೆ ಹೆಸರು:
ಸೆವೆನ್ ಎ.

"ಬೋರ್ಡ್ ಇಲ್ಲಲ್ಲಾ" ಅಂದ ಪುಣೆಯ ತನ್ಮಯ.
ಹೌದು, ಇಲ್ಲ.
ಆಕಿ ಗಂಡನ ಗುಂಡಿಗೂ ಇರಲಿಲ್ಲ.
ಕ್ವಾರಿಯವರು ಕಾಗದ ಹಿಡಕೊಂಡು ಬಂದ್ರು,
ಒಂಬತ್ತು ತೂತು ಕೊರದು ಮದ್ದು ತುಂಬಿ
ಆತನ್ನ ಲಾರಿ ಹತ್ತಿಸಿದ್ರು.
ಈಗ ಯಾವ ಊರಾಗ ಯಾರ ಅಡಿಗಿಮನಿ ಕಟ್ಟಿಯಾಗ್ಯಾನೋ,
ಯಾರು ಉಳ್ಳಾಗಡ್ಡಿ ಹೆಚ್ಚತಾರೋ ಆತನ ಎದಿ ಮ್ಯಾಲ!
ಅವರು ಹತ್ತಬಹುದಾ ಅಂತ ಸುದ್ದಾ ಕೇಳಲಿಲ್ಲ.
ನೀವು ಬರಾಕ ಹತ್ತಿದ ಮ್ಯಾಲ ಕ್ವಾರಿ ನಿಂತೈತಿ,
ಅದೂ ಖರೆ.
ನಿಮ್ಮ ರೊಕ್ಕದಾಗ ನನ್ನ ಮಗಳು
ಗಂಗಾವತಿ ಕಾಲೇಜಿನ ಬಸ್ಸು ಹತ್ತತಾಳ,
ಅದೂ ಖರೆ.

ಯಾರಿಗೂ ಹೇಳದ ಖರೆ ಒಂದೈತಿ.
ಒಂಬತ್ತು ವರ್ಷದಾಕಿ ಇದ್ದಾಗ
ಮರಿ ತಪ್ಪಿಸಿಕೊಂಡು ಓಡಿತು,
ಬೆನ್ನು ಹತ್ತಿದಾಕಿ ಗುಂಡೂ ಹತ್ತಿಬಿಟ್ಟೆ.
ಆಕಿ ನೆತ್ತಿ ಮ್ಯಾಲ ನಿಂತೆ. ಹೊಳಿ ಪೂರಾ ಕಂಡಿತು,
ತೆಪ್ಪ ಒಂದು ಬುಟ್ಟಿ ಹಂಗ ತಿರಗತಿತ್ತು.
ಸಿಡ್ಲು ಬಡೀಲಿಲ್ಲ, ಕಣ್ಣು ಹೋಗಲಿಲ್ಲ.
ಇಳದ ಮ್ಯಾಲ ಅಜ್ಜಿ ಬೈಲೂ ಇಲ್ಲ,
ಮೂರು ದಿನ ಮಾತಾಡಲಿಲ್ಲ, ಅಷ್ಟ.
ಆಕಿ ಸತ್ತು ಇಪ್ಪತ್ತು ವರ್ಷ ಆತು,
ಆ ಮೂರು ದಿನ ಇನ್ನೂ ಮುಗಿದಿಲ್ಲ.

ಅದಕ್ಕ ಯೊನಾಸಗ ಅಂದೆ: ಬ್ಯಾಡಪ್ಪಾ, ಬಾಣಂತಿ.
ಎರಡೂ ಕೈಲೇ ತೊಟ್ಟಲಾ ತೂಗಿ ತೋರಿಸಿದೆ.
ತಲಿಗೆ ಹತ್ತಿತೋ ಇಲ್ಲೋ,
ಗಾದಿ ಹಾಸಿದ, ಆಕಿ ಪಾದದ ನೆರಳಿನಾಗ ಅಡ್ಡಾದ,
ಅಂವಗ ನಿದ್ದಿ ಹತ್ತಿತು.
ಮುನ್ನೂರು ನಾನು ಬಿಡಲಿಲ್ಲ, ಇಸಗೊಂಡೆ.

ಮರುದಿನ ಮುಂಜಾನೆ
ತನ್ಮಯನೋ ಮತ್ತ್ಯಾರೋ,
ಬಾಣಂತಿ ಹೊಟ್ಟಿ ಮ್ಯಾಲ ಎರಡು ಬಿಳಿ ಕೈ.
ಬರದದ್ದಲ್ಲ, ಹಿಡದದ್ದು.
ಐದೂ ಬೆರಳು ಎಣಸಬಹುದಿತ್ತು.

ಬಿಂದಿಗಿ ನೀರು, ಹಳೇ ಸೀರಿ ತುಂಡು ತಗೊಂಡು ಹೋದೆ.
ತುದಿಗಾಲಾಗ ನಿಂತೆ. ಕೈ ಮುಟ್ಟವಲ್ಲದು.
ನೀರು ಉಗ್ಗಿದೆ, ನನ್ನ ಮಾರಿಗೇ ಬಂತು.
ಮಳಿಗೆ ಇನ್ನೂ ಎರಡು ತಿಂಗಳು.
ಒರಸಬೇಕಂದರ ಹತ್ತಬೇಕು.

ಚಪ್ಪಲಿ ಬಿಟ್ಟೆ.
ಕಲ್ಲು ಆಗಲೇ ಬೆಚ್ಚಗಿತ್ತು,
ಎರಕೊಂಡು ಬಂದ ಹಸಿ ಮೈ ಹಂಗ,
ಅಂಗಾಲಿಗೆ ಹತ್ತಿತು ಆ ಬಿಸಿ.
ಒಂದು ಕಾಲು ಇನ್ನೂ ನೆಲದಾಗ.
ಅಜ್ಜೀ, ಹತ್ತಲೇನು?

ಮ್ಯಾಲೆ ನೆತ್ತಿಯಾಗ ಯಾರದೋ ಮರಿ
ಮೆಲಕು ಹಾಕತಾ
ನನ್ನ ನೋಡತಿತ್ತು.