ಒಂದು ಶೀಟು

ಮೊದಲ ಸಲ ಅವನು ಚೀಟಿ ತಂದಿದ್ದ.
ಅದನ್ನು ಮರೆಯಬಾರದು.
ಜಿಲ್ಲಾಸ್ಪತ್ರೆಯ ಮೊಹರು, ಡಾಕ್ಟರ ಕಾಗೆಕಾಲು ಅಕ್ಷರ:
ಐದು ದಿನ, ಊಟವಾದ ಮೇಲೆ, ದಿನಕ್ಕೆ ಎರಡು.

ಹಾಸನದ ಮಾರ್ಕೆಟ್ ಯಾರ್ಡಿನೆದುರು
ಹತ್ತೊಂಬತ್ತು ವರ್ಷದಿಂದ ನನ್ನದೊಂದು ಮೆಡಿಕಲ್ ಸ್ಟೋರು.
ಏಪ್ರಿಲ್ ಬಂತೆಂದರೆ ಜಲಂಧರದ ಲಾರಿಗಳು,
ಬಿತ್ತನೆ ಆಲೂಗಡ್ಡೆಯ ಮೂಟೆಗಳು,
ಮೂಟೆಯ ಕೆಳಗೆ ಒಂದೊಂದು ಬೆನ್ನು.
ಅದರಲ್ಲೊಂದು ಪಾಲಾಕ್ಷನದು.

"ಅಣ್ಣ, ಸೊಂಟ ಕಿತ್ಕಂಡು ಬತ್ತದೆ,
ಅದೇ ಮಾತ್ರೆ ಒಂದು ಶೀಟು ಕೊಡು."
ಚೀಟಿ?
"ಬೆವರಿಗೆ ಕರಗೋಯ್ತು."
ಇಬ್ಬರೂ ನಕ್ಕೆವು. ಕೊಟ್ಟೆ.
ಬಿಲ್ಲಿನಲ್ಲಿ ಬರೆದೆ: ಹತ್ತಿ, ಬ್ಯಾಂಡೇಜು.

ಆ ಮಾತ್ರೆ ಸೊಂಟಕ್ಕೆ ಹೋಗಿ ಅಲ್ಲೇ ನಿಲ್ಲುವಂಥದಲ್ಲ.
ತುಂಬಿದ ಲಾರಿ ಅರ್ಧವೇ ಕಾಣುತ್ತದೆ.
ಮೇಸ್ತ್ರಿಯ ಬೈಗುಳ
ಪಕ್ಕದ ಮನೆಯ ರೇಡಿಯೋ ಆಗುತ್ತದೆ.
ಎರಡು ತಿಂಗಳ ಕೂಸು ತೀರಿಕೊಂಡ ರಾತ್ರಿ
ಬೇರೆ ಯಾರದೋ ಮನೆಯಲ್ಲಿ ನಡೆದದ್ದಾಗುತ್ತದೆ.
ಇದನ್ನು ಅವನೇ ಹೇಳಿದ್ದು,
ಕೌಂಟರಿನ ಗಾಜಿನ ಮೇಲೆ ಚಿಲ್ಲರೆ ಎಣಿಸುತ್ತ:
"ನೋವು ಹೋಗಲ್ಲ ಅಣ್ಣ.
ನೋವು ನಂದಲ್ಲ ಅನ್ನಿಸ್ತದೆ, ಅಷ್ಟೇಯ."

ಎರಡು ನಾಲ್ಕಾಯಿತು, ನಾಲ್ಕು ಎಂಟು.
ಆಮೇಲೆ ನುಂಗಿದರೆ ಏನೂ ಇಲ್ಲ;
ನುಂಗದಿದ್ದರೆ ಇದೆ:
ಸಾಲು ಸಾಲು ಆಕಳಿಕೆ, ಸೋರುವ ಮೂಗು,
ಉರಿಬಿಸಿಲಲ್ಲಿ ಮೈಯೆಲ್ಲ ನವಿರು,
ರಾತ್ರಿ ಚಾಪೆಯ ಮೇಲೆ
ಇಲ್ಲದ ಸೈಕಲ್ಲು ತುಳಿಯುವ ಕಾಲು.
ಕೂಲಿ ಮಾಡಲು ಮಾತ್ರೆ ತಿನ್ನುತ್ತಿದ್ದವನು
ಮಾತ್ರೆ ತಿನ್ನಲು ಕೂಲಿಗೆ ಬರತೊಡಗಿದ.

ಆ ವಾರ ಪೇಪರಿನಲ್ಲಿ ಫೋಟೊ,
ಪಾರ್ಕಿನಲ್ಲಿ ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗರು,
ಮುಖಕ್ಕೆ ಕರ್ಚೀಫು.
"ಊರೇ ಹಾಳಾಯ್ತು" ಎಂದೆ ನಾನು,
ಮತ್ತು ಅದೇ ಪುಟ ಹರಿದು
ಅವನ ಶೀಟು ಸುತ್ತಿಕೊಟ್ಟೆ.

ಒಂದು ಮಧ್ಯಾಹ್ನ ಜಯಶೀಲ ಬಂದಳು,
ಅಕ್ಕಿಚೀಲ ಕೌಂಟರಿನ ಮೇಲೆ ಕವುಚಿದಳು.
ಖಾಲಿ ಶೀಟುಗಳು. ಗುಳಿ ಗುಳಿ ಬೆಳ್ಳಿ.
"ಒಲೆ ಹಿಂದೆ ಸಿಕ್ತು. ಬೀರು ಕೆಳಗೆ.
ಕೂಸಿನ ಬಟ್ಟೆ ಗಂಟಲ್ಲೂವೆ."
ಕೂಗಾಡಲಿಲ್ಲ.
ಕೂಗಾಡಿದ್ದರೆ ನಾನೂ ಕೂಗಬಹುದಿತ್ತು.
"ನಿಮ್ಮ ಬಗ್ಗೆ ಒಳ್ಳೇದೇ ಹೇಳ್ತಾನೆ" ಎಂದಳು.
"ಯಾರೂ ಕೊಡದಿದ್ರೂ ಆ ಅಣ್ಣ ಕೊಡ್ತಾರೆ ಅಂತ."

ಬಿತ್ತನೆ ಗೆಡ್ಡೆ ಕತ್ತರಿಸುವಾಗ
ತುಂಡಿಗೊಂದು ಕಣ್ಣು ಉಳಿಯಬೇಕು,
ಇಲ್ಲದಿದ್ದರೆ ಮಣ್ಣೊಳಗೇ ಕೊಳೆಯುತ್ತದೆ.
ಯಾರ್ಡಿನಲ್ಲಿ ಮಕ್ಕಳಿಗೂ ಗೊತ್ತು.
ಹೆಸರಲ್ಲೇ ಹಣೆಗಣ್ಣಿಟ್ಟುಕೊಂಡವನ
ಇದ್ದೆರಡು ಕಣ್ಣಿನ ಪಾಪೆ
ಎರಡು ವರ್ಷದಿಂದ ಸಾಸಿವೆ ಕಾಳು.
ನಾನು ಫಾರ್ಮಸಿ ಓದಿದವನು.
ನನಗೆ ಗೊತ್ತಿತ್ತು.

ವಾರ್ಡಿನಲ್ಲಿ ಹನ್ನೊಂದನೇ ದಿನ.
ಮೂಸಂಬಿ ಹಿಡಿದು ನಿಂತೆ, ದೊಡ್ಡ ಮನುಷ್ಯನ ಹಾಗೆ.
ಕೆನ್ನೆಯ ಮೂಳೆ ಮೊದಲು ಗುರುತು ಹಿಡಿಯಿತು,
ಆಮೇಲೆ ಅವನು.
"ಅಣ್ಣ, ಸೊಂಟ ಹಂಗೇ ಅದೆ" ಎಂದ.
ಅದೇ ಜಾಗ, ಅದೇ ಎಡಕ್ಕೆ.
ಇಷ್ಟು ದಿನ ಅದನ್ನು ಯಾರೂ ನೋಡಿಯೇ ಇರಲಿಲ್ಲ.
"ಕೂಸೂ ನೆಪ್ಪಾಯ್ತದೆ, ದಿನಾ."
ಗೋಡೆಯ ಕಡೆ ತಿರುಗಿ ಮಲಗಿದ.
ಮೂಸಂಬಿ ಸುಲಿಯುತ್ತ ಕೂತೆ.
ಸುಲಿಯುವುದೊಂದೇ ಬರುತ್ತಿತ್ತು ನನಗೆ.

ನಿನ್ನೆ ಸಂಜೆ ಒಬ್ಬ ಹೊಸಬ,
ಮೀಸೆ ಸರಿಯಾಗಿ ಮೂಡಿಲ್ಲ,
ಅಂಗಿಯ ಹೆಗಲಿಗೆ ಗೋಣಿಯ ನಾರು.
"ಅಣ್ಣ, ಒಂದು ಶೀಟು."
ಚೀಟಿ?
ಅವನು ನಕ್ಕ.
ನಾನು ನಗಲಿಲ್ಲ.
ಎಲ್ಲಿ ನೋವು, ಎಂದು ಕೇಳಬೇಕೆಂದಿದ್ದೆ.
ಬಾಯಿ ತೆರೆಯುವಷ್ಟರಲ್ಲಿ
ರಸ್ತೆ ದಾಟಿಬಿಟ್ಟ.
ಎದುರಿನ ಅಂಗಡಿಯಲ್ಲಿ ಟ್ಯೂಬ್‌ಲೈಟು ಇನ್ನೂ ಉರಿಯುತ್ತಿತ್ತು.